ಅಪ್‌ಡೇಟ್: ಮ್ಯಾರಥಾನ್ ತಯಾರಿ ಮನೆ, ಆಫೀಸಿಗೆ ಹೊಂದಿದ್ದು ಹೀಗೆ

ಭಾನುವಾರದ 30 ಕಿ.ಮೀ. ಓಟ ಮನೆಯವರ ಇಡೀ ದಿನ ನುಂಗುತ್ತೆ, ಏನು ಮಾಡೋದು ಅಂತ ಕೇಳಿದ್ದೆನಲ್ಲ. ‘ಆಫೀಸಿಂದ ಮನೆಗೆ ಓಡಿಕೊಂಡೇ ಬನ್ನಿ’ ಅಂದವರ ಸಲಹೆ ಫಲಿಸಿತು. ಬುಧವಾರ 14 ಕಿ.ಮೀ., ಮಾತಾಡುತ್ತಾ ಓಡುವಷ್ಟೇ ವೇಗ. ಓಟದ ಬಟ್ಟೆ, ಶೂ ಮಂಗಳವಾರವೇ ಆಫೀಸು ಸೇರಬೇಕು. ಲ್ಯಾಪ್‌ಟಾಪ್ ಅಲ್ಲೇ ಬಿಡಿ, ಬೆನ್ನಿಗೆ ಹೊತ್ತರೆ ಭುಜ ಹಿಡಿಯುತ್ತೆ. ಇಷ್ಟಾದರೆ ಭಾನುವಾರ 24 ಕಿ.ಮೀ. ಸಾಕು, 30 ಕಿ.ಮೀ. ಓಟ ಮೂರು ವಾರಕ್ಕೊಮ್ಮೆ. ನಾಲ್ಕೂವರೆಗೆ ಹೊರಟರೆ ಎಂಟಕ್ಕೆ ಸ್ನಾನ ಮುಗಿಸಿ ತಿಂಡಿಗೆ ಹಾಜರ್.

ದಿನಾ ನಾಲ್ಕಕ್ಕೆ ಏಳೋದು ಮಾತ್ರ ಆಗಲಿಲ್ಲ. ನಿದ್ದೆ ಕಮ್ಮಿಯಾಗಿ ಕಾಲು ಭಾರ.

ಗೊತ್ತಿರದಿದ್ದ ಸಂಗತಿ: ಸಂಜೆ ಓಟ ಕೆಡಿಸೋದು ದಣಿವಲ್ಲ, ಹಸಿವು. ಐದಕ್ಕೆ ಎರಡು ಬಾಳೆಹಣ್ಣು, ಉಪ್ಪು ಹಾಕಿದ ಮಜ್ಜಿಗೆ. ಗುರುವಾರ ಬೆಳಿಗ್ಗೆ ಓಟ ಬೇಡವೇ ಬೇಡ.