ಉಲುರು ಕಡೆ ಹೋಗುತ್ತಿದ್ದೇನೆ, ಅಲ್ಲಿನ ಜನರ ಫೋಟೋ ತೆಗೆಯಬಹುದಾ?

ಚಿಕ್ಕಮಗಳೂರು ಮಳೆ:
ಆಸ್ಟ್ರೇಲಿಯಾದ ಅಡಿಲೇಡಿನಲ್ಲಿರುವ ತಂಗಿ ಮನೆಗೆ ಜುಲೈನಲ್ಲಿ ಹೋಗುತ್ತಿದ್ದೇನೆ. ಅಲ್ಲಿಂದ ಆಲಿಸ್ ಸ್ಪ್ರಿಂಗ್ಸ್, ಉಲುರು ಅನ್ನುವ ದೊಡ್ಡ ಬಂಡೆ ನೋಡುವ ಪ್ಲಾನ್. ಮೂಲನಿವಾಸಿಗಳ ಫೋಟೋ, ಅವರು ಬಿಡಿಸುವ ಚುಕ್ಕಿ ಚಿತ್ರಗಳ ಫೋಟೋ ತೆಗೆಯಬೇಕು ಅಂತ ತುಂಬಾ ಆಸೆ ಇತ್ತು. ಈಗ ಹಿಂಜರಿಕೆ. ಹೋದ ವರ್ಷ ಕಳಸದ ಆಚೆ ಒಂದು ಕೇರಿಯಲ್ಲಿ ಅಜ್ಜಿಯೊಬ್ಬರು ಜಗಲಿ ಮೇಲೆ ಕೂತು ಬುಟ್ಟಿ ಹೆಣೆಯುತ್ತಿದ್ದರು. ಬಿದಿರ ಸೀಳನ್ನು ಕಾಲ ಹೆಬ್ಬೆರಳಲ್ಲಿ ಒತ್ತಿ ಹಿಡಿದಿದ್ದರು. ಬೆಳಕು ಚೆನ್ನಾಗಿತ್ತು, ಕೇಳದೆ ನಾಲ್ಕೈದು ಫೋಟೋ ಹೊಡೆದೆ. ಶಬ್ದಕ್ಕೆ ತಲೆ ಎತ್ತಿದವರು ಏನೂ ಅನ್ನಲಿಲ್ಲ, ಸೆರಗು ಮುಖಕ್ಕೆ ಎಳೆದುಕೊಂಡು, ಅರ್ಧ ಹೆಣೆದ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಆ ಫೋಟೋ ಯಾರಿಗೂ ತೋರಿಸಿಲ್ಲ, ಅಳಿಸಲೂ ಮನಸ್ಸು ಬಂದಿಲ್ಲ. ಅಲ್ಲಿ ಮತ್ತೆ ಹಾಗಾಗಬಾರದು. ಹೇಗೆ ಕೇಳಬೇಕು? ದುಡ್ಡು ಕೊಡಬೇಕಾ?

ಹಾಸನದ ಅಕ್ಕ:
ನಾನು ಉಲುರು ನೋಡಿ ಬಂದಿದ್ದೇನೆ. ಆ ಬಂಡೆ 1985ರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರಿಗೆ ವಾಪಸ್ ಸಿಕ್ಕಿತು. 2019ರ ಅಕ್ಟೋಬರಿನಿಂದ ಹತ್ತುವ ಹಾಗಿಲ್ಲ. ಬುಡ ಸುತ್ತುವ ದಾರಿ ಸುಮಾರು 10 ಕಿಲೋಮೀಟರ್, ಅಲ್ಲಲ್ಲಿ ಫೋಟೋ ಬೇಡ ಅಂತ ಬೋರ್ಡ್ ಇರುತ್ತದೆ. ನಾನು ಹೋದಾಗ ಕಾವಲಿಗೆ ಯಾರೂ ನಿಂತಿರಲಿಲ್ಲ, ನಾವೇ ಕ್ಯಾಮೆರಾ ಇಳಿಸಬೇಕು. ಕೆಲವು ಜಾಗ ಗಂಡಸರದು, ಕೆಲವು ಹೆಂಗಸರದು. ಬಂಡೆ ಮೇಲಿನ ಗುರುತುಗಳು ಅವರಿಗೆ ಶಾಸ್ತ್ರ ಇದ್ದ ಹಾಗೆ, ನೋಡಬೇಕಾದವರು ಅಲ್ಲೇ ನಿಂತು ನೋಡಬೇಕು. ಗರ್ಭಗುಡಿ ಮುಂದೆ ನಾವು ಮೊಬೈಲ್ ಒಳಗಿಡುತ್ತೇವೆ ಅಲ್ವಾ, ಹಾಗೇ.

ಚಿತ್ರಗಳೂ ಸುಮ್ನೆ ಡಿಸೈನ್ ಅಲ್ಲ. ಯಾವ ಕಥೆಯನ್ನು ಯಾರು ಬಿಡಿಸಬಹುದು ಅನ್ನುವುದಕ್ಕೂ ಹಕ್ಕು ಇದೆ. ಅವರ ಚಿತ್ರಗಳನ್ನು ಕೇಳದೆ ಕಾರ್ಪೆಟ್ ಮೇಲೆ ಹಾಕಿಸಿ ಮಾರಿದ್ದರು, ಜನ ತುಳಿದು ಓಡಾಡುವ ಕಾರ್ಪೆಟ್! ಕೇಸ್ ನಡೆದು 1994ರಲ್ಲಿ ಕಲಾವಿದರು ಗೆದ್ದರು. ಹಾಗಾಗಿ ಗ್ಯಾಲರಿಯಲ್ಲಿ ಕೇಳಿ, ಕಲಾವಿದರ ಹೆಸರು ಬರೆದುಕೊಳ್ಳಿ. ಇನ್ನೊಂದು, ತೀರಿಕೊಂಡವರ ಮುಖ ನೋಡುವುದು ಅಲ್ಲಿ ಎಷ್ಟೋ ಕುಟುಂಬಗಳಿಗೆ ನೋವಿನ ವಿಷಯ. ಟೀವಿಯಲ್ಲೂ ಮೊದಲೇ ಎಚ್ಚರಿಕೆ ಹಾಕುತ್ತಾರೆ. ಇವತ್ತು ನೆಟ್ಟಿಗೆ ಹಾಕಿದ ಫೋಟೋ ನಾಳೆ ಏನಾಗುತ್ತದೆ ಅಂತ ಯೋಚಿಸಿ ಹಾಕಿ.

ಸಕಲೇಶಪುರ ಘಾಟಿ:
ಅಂಡಮಾನಿಗೆ ಹೋಗುವವರಿಗೂ ಒಂದು ಮಾತು. ಬಾರಾಟಾಂಗಿಗೆ ಹೋಗುವ ರಸ್ತೆ ಜಾರವಾ ಬುಡಕಟ್ಟು ಜನರ ಕಾಡಿನ ಮಧ್ಯೆ ಹಾದುಹೋಗುತ್ತದೆ. ಅಲ್ಲಿ ಕೇಳಿ ತೆಗೆಯುವ ಮಾತೇ ಇಲ್ಲ. ಅಲ್ಲಿನ ಬುಡಕಟ್ಟು ಜನರನ್ನು ಕಾಪಾಡುವ 1956ರ ಕಾನೂನಿಗೆ 2012ರಲ್ಲಿ ತಿದ್ದುಪಡಿ ಆಗಿ ಶಿಕ್ಷೆ ಇನ್ನೂ ಬಿಗಿಯಾಗಿದೆ, ಫೋಟೋ ತೆಗೆದರೆ ಜೈಲು.

ಕುದುರೆಮುಖದ ಹುಡುಗಿ:
ಸರ್, ನಾನು ಮಲೆಕುಡಿಯ ಬುಡಕಟ್ಟಿನವಳು. ಹೋಂಸ್ಟೇಗೆ ಬಂದವರು ನಮ್ಮ ಮನೆ ಮುಂದೆ ಜೀಪಿನಲ್ಲಿ ಕೂತೇ ಫೋಟೋ ಹೊಡೆದುಕೊಂಡು ಹೋಗುತ್ತಾರೆ. ಒಂದು ಸಲ ಕೆಲಸ ಕೇಳಲು ಒಂದು ಹೋಂಸ್ಟೇಗೆ ಹೋಗಿದ್ದೆ, ಗೋಡೆ ಮೇಲೆ ಜೇನು ಹಿಡಿದು ನಿಂತ ನಮ್ಮಪ್ಪನ ಫೋಟೋ ಇತ್ತು. ಕೆಳಗೆ ‘ಕಾಡುಮನುಷ್ಯ’ ಅಂತ ಬರೆದಿದ್ದರು. ಕೆಲಸ ಕೇಳದೆ ವಾಪಸ್ ಬಂದೆ.

ಕೇಳುವುದು ಕಷ್ಟ ಇಲ್ಲ. ಮೊದಲು ಕ್ಯಾಮೆರಾ ಚೀಲದಲ್ಲಿರಲಿ. ಕೂತು ಮಾತಾಡಿ, ಬುಟ್ಟಿಗೆ ಎಷ್ಟು ಅಂತ ಕೇಳಿ, ಬೇಕಿದ್ದರೆ ಚೌಕಾಸಿ ಮಾಡದೆ ಕೊಂಡುಕೊಳ್ಳಿ. ಆಮೇಲೆ ಫೋಟೋ ಕೇಳಿ. ಉತ್ತರ ಕೊಡದೆ ಸುಮ್ಮನಿದ್ದರೂ ಬೇಡ ಅಂತಲೇ ಅರ್ಥ. ಫೋಟೋಗೆ ಅಂತ ಮಕ್ಕಳ ಕೈಗೆ ದುಡ್ಡು ಇಡಬೇಡಿ. ತೆಗೆದರೆ ಪ್ರಿಂಟ್ ಹಾಕಿಸಿ ತಂದುಕೊಡಿ. ನಮ್ಮಜ್ಜಿ ತೀರಿಕೊಂಡಾಗ ಮನೆಯಲ್ಲಿ ಇದ್ದದ್ದು ಆಧಾರ್ ಕಾರ್ಡಿನ ಫೋಟೋ ಒಂದೇ. ಅದನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದೆವು, ಮುಖ ಸರಿಯಾಗಿ ಕಾಣಲ್ಲ.

ಚಿಕ್ಕಮಗಳೂರು ಮಳೆ:
ಕುದುರೆಮುಖದ ತಂಗಿ, ನಿನ್ನ ಮಾತು ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಈ ಭಾನುವಾರ ಆ ಅಜ್ಜಿಯ ಫೋಟೋ ಪ್ರಿಂಟ್ ಹಾಕಿಸಿಕೊಂಡು ಕೇರಿಗೆ ಹೋಗುತ್ತೇನೆ. ಅವರಿಗೆ ಬೇಡ ಅನ್ನಿಸಿದರೆ ಎದುರಿಗೇ ಎಲ್ಲಾ ಅಳಿಸುತ್ತೇನೆ. ನಮ್ಮ ಮನೆಗೊಂದು ಮೊರ ಬೇಕಿತ್ತು, ಹೆಣೆದು ಕೊಡುತ್ತಾರಾ ಅಂತಲೂ ಕೇಳುತ್ತೇನೆ. ಕ್ಯಾಮೆರಾ ಮನೆಯಲ್ಲೇ ಬಿಟ್ಟು ಹೋಗುತ್ತೇನೆ.