ತಮ್ಮನಿಗೆ ಬಂದ ನೋಟಿಸು, ದೊಡ್ಡಪ್ಪ ಕಳುಹಿಸಿದ ಸಂದೇಶ

ನಮ್ಮ ಮನೆ ಗುಂಪು, ಭಾನುವಾರ. ವಂಚನೆಯ ಕೇಸೊಂದರಲ್ಲಿ ಬುಧವಾರ ವಿಚಾರಣೆಗೆ ಬರಬೇಕೆಂದು ತಮ್ಮನಿಗೆ ಪೊಲೀಸರ ನೋಟಿಸು ಬಂದಿದೆ.

ದೊಡ್ಡಪ್ಪ (ಭದ್ರಾವತಿ), ಬೆಳಿಗ್ಗೆ 9.12
ನನಗೆ ಬಂದದ್ದನ್ನು ಹಾಗೆಯೇ ಕಳುಹಿಸುತ್ತಿದ್ದೇನೆ: “ಪೊಲೀಸರು ವಿಚಾರಣೆಗೆ ಕರೆದರೆ ಹೆದರಬೇಡಿ. ತಪ್ಪು ಮಾಡದವನಿಗೆ ವಕೀಲರು ಬೇಕಿಲ್ಲ. ಒಬ್ಬರೇ ಹೋಗಿ, ನಡೆದದ್ದನ್ನೆಲ್ಲ ಬಿಚ್ಚಿ ಹೇಳಿ, ಸಹಿ ಮಾಡಿ ಬನ್ನಿ. ವಕೀಲರನ್ನು ಕರೆದೊಯ್ದರೆ ಅನುಮಾನ ಹೆಚ್ಚುತ್ತದೆ. ಎಲ್ಲರಿಗೂ ಹಂಚಿ.” ನಮ್ಮ ಹುಡುಗನಿಗೂ ಇದೇ ಸರಿಯಾದ ದಾರಿ ಎಂದು ನನ್ನ ಅಭಿಪ್ರಾಯ. ಬುಧವಾರ ನೆಟ್ಟಗೆ ಠಾಣೆಗೆ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಬರಲಿ.

ಅತ್ತೆ (ಹಾಸನ), 9.34
ಅಣ್ಣಾ, ನಿನ್ನ ಮಾತಿಗೆ ಎದುರು ಹೇಳುವುದು ನನಗೆ ಅಭ್ಯಾಸವಿಲ್ಲ, ಆದರೆ ಇದಕ್ಕೆ ಹೇಳಲೇಬೇಕು. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಕಡತ ಹೊತ್ತು, ಶಿರಸ್ತೇದಾರಳಾಗಿ ನಿವೃತ್ತಳಾದವಳು ನಾನು. ಆರೋಪಿಯ “ಸ್ವ-ಇಚ್ಛಾ ಹೇಳಿಕೆ” ಎಂಬ ಕಾಗದವನ್ನು ಎಷ್ಟು ಬಾರಿ ಓದಿದ್ದೇನೋ ಲೆಕ್ಕವಿಲ್ಲ. ಬೇರೆ ಬೇರೆ ಊರಿನ, ಬೇರೆ ಬೇರೆ ವಯಸ್ಸಿನ ಜನ ಹೇಳಿದ್ದೆಂದು ಬರೆದಿದ್ದರೂ ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇರುತ್ತಿದ್ದವು: “ಹಣದ ಆಸೆಗೆ ಬಿದ್ದು ಈ ಕೃತ್ಯ ಎಸಗಿರುತ್ತೇನೆ, ನನ್ನನ್ನು ಕರೆದುಕೊಂಡು ಹೋದಲ್ಲಿ ತೋರಿಸಿಕೊಡುತ್ತೇನೆ.” ಪೊಲೀಸರ ಮುಂದೆ ಒಪ್ಪಿಕೊಂಡದ್ದು ಸಾಕ್ಷ್ಯವಾಗುವುದಿಲ್ಲ ಎಂದು ಕಾನೂನು ಹೇಳುತ್ತದೆ, ನಿಜ. ಆದರೆ ಹಾಗೆ ತೋರಿಸಿಕೊಟ್ಟದ್ದರಿಂದ ಏನಾದರೂ ಪತ್ತೆಯಾದರೆ, ಅಷ್ಟು ಭಾಗ ಅವನ ವಿರುದ್ಧ ನಿಲ್ಲುತ್ತದೆ. ಆ ಕೊನೆಯ ವಾಕ್ಯ ಅಲ್ಲಿ ಸುಮ್ಮನೆ ಬಂದು ಕುಳಿತಿರುವುದಿಲ್ಲ.

ಈ ಸಂದೇಶ ಬರೆದವರು “ಸಹಿ ಮಾಡಿ ಬನ್ನಿ” ಎಂದಿದ್ದಾರಲ್ಲ, ತನಿಖೆಯ ವೇಳೆ ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಹೇಳಿದವನ ಸಹಿ ಪಡೆಯುವಂತಿಲ್ಲ ಎಂದೇ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ, ಅಂದರೆ ಈಗಿನ ಕ್ರಿಮಿನಲ್ ಪ್ರಕ್ರಿಯೆಯ ಕಾನೂನಿನ, 181ನೇ ಕಲಂ ಹೇಳುತ್ತದೆ. ಅದಕ್ಕೆ ಮೊದಲು ಇದ್ದ ಕಾಯ್ದೆಯಲ್ಲೂ ಇದೇ ಇತ್ತು.

ತಮ್ಮ, 9.41
ಅತ್ತೆ, ನಾನು ಮುಚ್ಚಿಡುವಂಥದ್ದು ಏನೂ ಇಲ್ಲ. ನಡೆದದ್ದು ಇಷ್ಟೇ. ಜೊತೆಯಲ್ಲಿದ್ದ ಹುಡುಗ ಆನ್‌ಲೈನ್ ವ್ಯಾಪಾರದ ಹಣ ಬರಬೇಕಿದೆ ಎಂದು ನನ್ನ ಖಾತೆಯನ್ನೂ ಎಟಿಎಂ ಕಾರ್ಡನ್ನೂ ಕೇಳಿದ. ನಾನು ಜೂನ್‌ನಲ್ಲಿ

ಅತ್ತೆ (ಹಾಸನ), 9.42
ಅಲ್ಲಿಗೇ ನಿಲ್ಲಿಸು ಮಗು. ಇಲ್ಲಿ ಇನ್ನೊಂದು ಅಕ್ಷರವನ್ನೂ ಬರೆಯಬೇಡ, ಬರೆದದ್ದನ್ನು ಅಳಿಸಲೂ ಬೇಡ. ವಕೀಲರಿಗೆ ನೀನು ಹೇಳುವ ಮಾತಿಗೆ ಕಾನೂನಿನ ರಕ್ಷಣೆ ಇದೆ, ಅದನ್ನು ಅವರು ನಿನ್ನ ಒಪ್ಪಿಗೆಯಿಲ್ಲದೆ ಬೇರೆಯವರಿಗೆ ಹೇಳುವಂತಿಲ್ಲ. ಈ ಗುಂಪಿಗೆ ಅಂಥ ರಕ್ಷಣೆ ಇಲ್ಲ. ನಾಳೆ ನಮ್ಮಲ್ಲಿ ಯಾರ ಫೋನು ಯಾರ ಕೈಗೆ ಹೋಗುತ್ತದೆಯೋ ಯಾರಿಗೆ ಗೊತ್ತು.

ದೊಡ್ಡಪ್ಪ (ಭದ್ರಾವತಿ), 9.55
ತಂಗೀ, ಸತ್ಯ ಹೇಳುವುದಕ್ಕೂ ವಕೀಲರ ಅಪ್ಪಣೆ ಬೇಕೇ?

ಅತ್ತೆ (ಹಾಸನ), 10.08
ಸತ್ಯ ಹೇಳಲಿ, ಆದರೆ ಪೂರ್ತಿ ಹೇಳಲಿ. “ಕಾರ್ಡು ಕೊಟ್ಟಿದ್ದೆ” ಎನ್ನುವುದು ಸತ್ಯ. “ಯಾವ ಹಣವೆಂದು ತಿಳಿದೇ ಕೊಟ್ಟಿದ್ದೆ” ಎನ್ನುವುದು ಬೇರೆಯೇ ಮಾತು. ವಂಚನೆಯ ಅಪರಾಧ ನಿಲ್ಲುವುದು ಈ ಎರಡನೆಯದರ ಮೇಲೆ, ಅಂದರೆ ಅವನ ಮನಸ್ಸಿನಲ್ಲಿ ದುರುದ್ದೇಶ ಇತ್ತೇ ಇಲ್ಲವೇ ಎಂಬುದರ ಮೇಲೆ. ಇಪ್ಪತ್ತಮೂರು ವರ್ಷದ ಹುಡುಗ ಠಾಣೆಯ ಬೆಂಚಿನ ಮೇಲೆ ನಾಲ್ಕು ಗಂಟೆ ಕುಳಿತು, ಗಂಟಲೊಣಗಿದ ಹೊತ್ತಿನಲ್ಲಿ “ಸ್ವಲ್ಪ ಅನುಮಾನ ಇತ್ತು ಸಾರ್” ಎಂದುಬಿಟ್ಟರೆ ಆ ಒಂದು ಮಾತನ್ನು ಹಿಂದಕ್ಕೆ ಪಡೆಯಲು ವರ್ಷಗಳು ಬೇಕಾಗುತ್ತವೆ. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾರನ್ನೂ ಬಲವಂತಪಡಿಸಬಾರದು ಎಂದು ಸಂವಿಧಾನದ 20ನೇ ವಿಧಿ ಹೇಳಿರುವುದು ಕಳ್ಳರಿಗಾಗಿ ಮಾತ್ರವಲ್ಲ, ಅಣ್ಣಾ.

ಭಾವ (ತುಮಕೂರು), 10.20
ಅತ್ತೆಯವರ ಮಾತು ಸರಿ, ವಕೀಲರು ಬೇಕು. ನನಗೆ ಪರಿಚಯದವರು ಒಬ್ಬರಿದ್ದಾರೆ. ಎರಡೂವರೆ ಲಕ್ಷಕ್ಕೆ ಎಲ್ಲ ಸೇರಿಸಿ ಮುಗಿಸಿಕೊಡುತ್ತಾರಂತೆ, ಜಾಮೀನು ಗ್ಯಾರಂಟಿ ಎನ್ನುತ್ತಾರೆ. ಅರ್ಧ ಈಗ, ಉಳಿದದ್ದು ಕೇಸು ಬಿದ್ದುಹೋದ ಮೇಲೆ ಕೊಟ್ಟರೆ ಸಾಕಂತೆ.

ಅತ್ತೆ (ಹಾಸನ), 10.37
ಗ್ಯಾರಂಟಿ ಕೊಟ್ಟ ಕ್ಷಣವೇ ಅವರನ್ನು ಬಿಟ್ಟುಬಿಡಿ. ಜಾಮೀನು ಕೊಡುವವರು ನ್ಯಾಯಾಧೀಶರು, ವಕೀಲರಲ್ಲ. ಗೆದ್ದರೆ ಇಷ್ಟು ಎಂದು ಫಲಿತಾಂಶಕ್ಕೆ ಗಂಟು ಹಾಕಿ ಶುಲ್ಕ ಮಾತಾಡುವುದನ್ನು ಬಾರ್ ಕೌನ್ಸಿಲ್ ನಿಯಮಗಳೇ ನಿಷೇಧಿಸಿವೆ. ಇನ್ನು “ಎಲ್ಲ ಸೇರಿಸಿ” ಎಂಬ ಮಾತಿನಲ್ಲಿ ಏನೇನು ಸೇರಿದೆ ಎಂದು ಕೇಳಿ ನೋಡಿ, ಅವರ ಉತ್ತರ ಕೇಳಿದ ಮೇಲೆ ನಿಮಗೇ ಮನಸ್ಸು ಬರಲಾರದು.

ಚಿಕ್ಕಮ್ಮ (ಮೈಸೂರು), 10.50
ಹಾಗಾದರೆ ಅತ್ತಿಗೆ, ಹೈಕೋರ್ಟಿನ ಹಿರಿಯ ವಕೀಲರೊಬ್ಬರನ್ನೇ ಹಿಡಿಯೋಣ. ದೊಡ್ಡ ಹೆಸರಿದ್ದರೆ ಠಾಣೆಯಲ್ಲೂ ಹಿಂದೆಮುಂದೆ ನೋಡುತ್ತಾರೆ. ಹಣ ನಾವೆಲ್ಲ ಸೇರಿ ಹಾಕಿದರಾಯಿತು.

ಅತ್ತೆ (ಹಾಸನ), 11.15
“ಹಿರಿಯ ವಕೀಲರು” ಎಂಬ ಪದವಿ ಪಡೆದವರು ಸ್ವತಃ ವಕಾಲತ್ತು ಹಾಕುವಂತಿಲ್ಲ, ಕಕ್ಷಿದಾರರಿಂದ ನೇರವಾಗಿ ಕೇಸು ತೆಗೆದುಕೊಳ್ಳುವಂತೆಯೂ ಇಲ್ಲ, ಅವರ ಜೊತೆಗೆ ಇನ್ನೊಬ್ಬ ವಕೀಲರು ಇರಲೇಬೇಕು. ನಮಗೆ ಈಗ ಬೇಕಿರುವುದು ಆ ಇನ್ನೊಬ್ಬರು.

ಇದನ್ನು ಹೇಳುವುದಕ್ಕೆ ಕಾರಣವಿದೆ. ನಾನು ಕೆಲಸದಲ್ಲಿದ್ದಾಗ ಒಬ್ಬ ಹಣ್ಣಿನ ವ್ಯಾಪಾರಿಯ ಕೇಸು ಬಂದಿತ್ತು. ಮನೆಯವರು ಒಡವೆ ಅಡವಿಟ್ಟು ಹೆಸರುವಾಸಿ ವಕೀಲರನ್ನು ನೇಮಿಸಿದ್ದರು. ಅಂಥ ಕೇಸಿನಲ್ಲಿ ರಿಮಾಂಡ್ ಆಗಿ ಅರವತ್ತು ದಿನ ಕಳೆದರೂ ದೋಷಾರೋಪ ಪಟ್ಟಿ ಬರದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ. (ಗಂಭೀರ ಅಪರಾಧಗಳಿಗೆ ಅದು ತೊಂಬತ್ತು ದಿನ. ರಿಮಾಂಡ್ ಮಾಡಿದ ದಿನವನ್ನೂ ಸೇರಿಸಿ ಎಣಿಸಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.) ಆದರೆ ಆ ಹಕ್ಕು ತಾನಾಗಿ ಬಂದು ಬಾಗಿಲು ತೆರೆಯುವುದಿಲ್ಲ, ಪಟ್ಟಿ ಬರುವ ಮೊದಲೇ ಅರ್ಜಿ ಹಾಕಿರಬೇಕು. ಗಡುವು ಮುಗಿದ ಮರುದಿನ ಬೆಳಿಗ್ಗೆ ಅವನ ಹೆಂಡತಿ ಮಗುವನ್ನು ಎತ್ತಿಕೊಂಡು ನನ್ನ ಮೇಜಿನ ಎದುರು ನಿಂತಿದ್ದಳು. ದೊಡ್ಡ ವಕೀಲರು ಬೇರೆ ಊರಿನಲ್ಲಿದ್ದರು, ಅವರ ಜೂನಿಯರ್‌ಗೆ ಯಾರೂ ಏನೂ ಹೇಳಿರಲಿಲ್ಲ. ಮಧ್ಯಾಹ್ನ ಊಟದ ನಂತರ ಪೊಲೀಸಿನವರು ಪಟ್ಟಿ ತಂದು ಸಲ್ಲಿಸಿದರು. ಅದರ ಮೇಲೆ ಮೊಹರು ಒತ್ತಿದ್ದು ನನ್ನ ಕೈ. ಅವನು ಮತ್ತೆ ಐದು ತಿಂಗಳು ಒಳಗೇ ಇದ್ದ. ಆ ಬೆಳಿಗ್ಗೆ ಅರ್ಜಿ ಹಾಕಿಸಿ ಎಂದು ಅವಳಿಗೆ ಹೇಳುವ ಸ್ಥಾನ ನನ್ನದಾಗಿರಲಿಲ್ಲ, ಆ ಸಂಕಟ ಇವತ್ತಿಗೂ ಹೋಗಿಲ್ಲ.

ಆದ್ದರಿಂದ ಹೆಸರನ್ನು ನೋಡಬೇಡಿ. ಅದೇ ಕೋರ್ಟಿನಲ್ಲಿ ದಿನವೂ ಕ್ರಿಮಿನಲ್ ಕೇಸು ನಡೆಸುವವರು, ಕರೆದ ದಿನ ತಾವೇ ಬಂದು ನಿಲ್ಲುವವರು ಬೇಕು. ಇ-ಕೋರ್ಟ್ಸ್ ತಾಣದಲ್ಲಿ ವಕೀಲರ ಹೆಸರು ಹಾಕಿದರೆ ಅವರು ಎಂಥ ಕೇಸುಗಳಲ್ಲಿ ಹಾಜರಾಗುತ್ತಿದ್ದಾರೆ ಎಂದು ತಿಳಿಯುತ್ತದೆ.

ದೊಡ್ಡಪ್ಪ (ಭದ್ರಾವತಿ), 11.40
ನನ್ನ ಸಂಕಟವನ್ನೂ ಕೇಳು. ಅಪ್ಪನ ಜಮೀನಿನ ಗಲಾಟೆಯಲ್ಲಿ ನನ್ನ ಮೇಲೆ ಕೇಸಾದಾಗ ನೇಮಿಸಿದ ವಕೀಲರು ಮೂರು ವರ್ಷ ವಾಯಿದೆಗೊಮ್ಮೆ ಹಣ ತೆಗೆದುಕೊಂಡರು, ಒಂದಕ್ಕೂ ರಸೀದಿ ಕೊಡಲಿಲ್ಲ. ಬೇರೆಯವರನ್ನು ನೇಮಿಸುತ್ತೇನೆ ಎಂದಾಗ ಬಾಕಿ ಕೊಡುವವರೆಗೆ ಕಡತ ಕೊಡುವುದಿಲ್ಲ ಎಂದರು. ಎಮ್ಮೆ ಮಾರಿ ಕೊಟ್ಟು ಬಿಡಿಸಿಕೊಂಡೆ. ಅವತ್ತಿನಿಂದ ಕರಿ ಕೋಟು ಕಂಡರೆ ನನಗೆ ನಂಬಿಕೆ ಬರುವುದಿಲ್ಲ. ತಪ್ಪು ಮಾಡಿದವರನ್ನು ಬಿಡಿಸುವವರೂ ಅವರೇ ಅಲ್ಲವೇ?

ಅತ್ತೆ (ಹಾಸನ), 12.05
ಎಮ್ಮೆ ಮಾರಿದ ದಿನ ಅತ್ತಿಗೆ ಊಟ ಮಾಡಿರಲಿಲ್ಲ, ನನಗೆ ನೆನಪಿದೆ. ನಿನಗೆ ಆದದ್ದು ಅನ್ಯಾಯವೇ. ಶುಲ್ಕ ಬಾಕಿಯಿದೆಯೆಂದು ಕಕ್ಷಿದಾರನ ಕಡತವನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ತೀರ್ಪು ಕೊಟ್ಟಿತು. ಈಗ ಹಾಗೆ ಮಾಡಿದರೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಈ ಸಲ ಜಾಮೀನಿಗೆ ಎಷ್ಟು, ಮುಂದೆ ವಿಚಾರಣೆ ನಡೆದರೆ ಎಷ್ಟು ಎಂದು ಮೊದಲೇ ಬರೆಸಿಕೊಂಡು, ಬ್ಯಾಂಕಿನ ಮೂಲಕವೇ ಕೊಡೋಣ.

ಕೊನೆಯ ಪ್ರಶ್ನೆಗೆ ಹುಬ್ಬಳ್ಳಿಯನ್ನು ನೆನಪಿಸುತ್ತೇನೆ. 2020ರಲ್ಲಿ ಅಲ್ಲಿನ ವಕೀಲರ ಸಂಘ, ದೇಶದ್ರೋಹದ ಆರೋಪ ಹೊತ್ತ ಮೂವರು ವಿದ್ಯಾರ್ಥಿಗಳ ಪರ ಯಾರೂ ವಕಾಲತ್ತು ಹಾಕಬಾರದೆಂದು ನಿರ್ಣಯ ಮಾಡಿತ್ತು. ಅಂಥ ನಿರ್ಣಯ ಸಲ್ಲದೆಂದು ನಮ್ಮ ಹೈಕೋರ್ಟೇ ಹೇಳಬೇಕಾಯಿತು, ಬೆಂಗಳೂರಿನಿಂದ ಹೋದ ವಕೀಲರಿಗೆ ಪೊಲೀಸ್ ರಕ್ಷಣೆ ಕೊಡಬೇಕಾಯಿತು. ಅದಕ್ಕೂ ಹತ್ತು ವರ್ಷ ಮೊದಲೇ ಸುಪ್ರೀಂ ಕೋರ್ಟ್ ಇಂಥ ನಿರ್ಣಯಗಳು ಅಸಿಂಧು ಎಂದಿತ್ತು. ತಪ್ಪು ಮಾಡಿದ್ದಾನೋ ಇಲ್ಲವೋ ಎಂದು ತಿಳಿಯಬೇಕಾದ ಜಾಗ ಕೋರ್ಟು. ಒಂದು ಕಡೆಯ ಬಾಯಿ ಕಟ್ಟಿದರೆ ಅಲ್ಲಿ ತಿಳಿಯುವುದಾದರೂ ಏನು?

ನಾನು, 12.20
ಅತ್ತೆ, ಹಣ ಹೊಂದಿಸಲಾಗದವರು ಏನು ಮಾಡಬೇಕು? ಇವನ ಜೊತೆಗೆ ನೋಟಿಸು ಬಂದ ಇನ್ನೊಬ್ಬ ಹುಡುಗನಿಗೆ ತಂದೆಯಿಲ್ಲ.

ಅತ್ತೆ (ಹಾಸನ), 12.31
15100ಕ್ಕೆ ಕರೆ ಮಾಡಲಿ, ಅಥವಾ ಕೋರ್ಟಿನ ಆವರಣದಲ್ಲೇ ಇರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಲಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿ ಇರುವವರಿಗೆ, ಇನ್ನೂ ಕೆಲವು ವರ್ಗದವರಿಗೆ ಆದಾಯ ನೋಡದೆ ವಕೀಲರನ್ನು ಕೊಡುತ್ತಾರೆ, ಉಳಿದವರಿಗೆ ಆದಾಯದ ಮಿತಿ ಇದೆ.

ತಮ್ಮ, 12.40
ನೋಟಿಸನ್ನು ಪೇದೆಯೊಬ್ಬರು ಕೈಗೇ ಕೊಟ್ಟು ಹೋಗಿದ್ದಾರೆ. ಅದರಲ್ಲಿ 35(3) ಎಂದಿದೆ. ಬುಧವಾರ ಹೋಗದೇ ಇರಬಹುದೇ? ನಿರೀಕ್ಷಣಾ ಜಾಮೀನು ಹಾಕಬೇಕೇ?

ಅತ್ತೆ (ಹಾಸನ), 12.58
ಹೋಗದೇ ಇರಬಾರದು. 35(3) ಎಂದರೆ ಅದೇ ಸಂಹಿತೆಯಂತೆ, ಬಂಧಿಸದೆ ವಿಚಾರಣೆಗೆ ಕರೆಯುವ ನೋಟಿಸು. ಆ ನೋಟಿಸಿಗೆ ಹಾಜರಾಗುತ್ತಿರುವವರೆಗೆ, ಕಾರಣ ಬರೆದಿಡದೆ ನಿನ್ನನ್ನು ಬಂಧಿಸುವಂತಿಲ್ಲ, ತಪ್ಪಿಸಿಕೊಂಡರೆ ಆ ರಕ್ಷಣೆ ಹೋಗುತ್ತದೆ. ನಿರೀಕ್ಷಣಾ ಜಾಮೀನಿನ ಮಾತನ್ನು ಎಫ್‌ಐಆರ್ ಓದಿದ ವಕೀಲರು ನಿರ್ಧರಿಸಲಿ. ಅದರ ಪ್ರತಿ ಪೊಲೀಸ್ ಇಲಾಖೆಯ ತಾಣದಲ್ಲಿ ಸಿಗುತ್ತದೆ, ಇಲ್ಲವಾದರೆ ಕೋರ್ಟಿನಿಂದ ಪಡೆಯಬಹುದು. ನಾಳೆ ಬೆಳಿಗ್ಗೆ ಹತ್ತಕ್ಕೆ ಬೆಂಗಳೂರಿನ ಕೋರ್ಟಿನ ಬಾಗಿಲಲ್ಲಿ ನಾನಿರುತ್ತೇನೆ, ಇಬ್ಬರು ವಕೀಲರನ್ನು ಕಂಡು ಮಾತಾಡಿ ಒಬ್ಬರನ್ನು ಗೊತ್ತು ಮಾಡೋಣ. ಬುಧವಾರ ಅವರು ನಿನ್ನ ಜೊತೆ ಠಾಣೆಗೆ ಬರುತ್ತಾರೆ. ಒಳಗೆ ಕೂರಿಸದಿದ್ದರೂ ಹೊರಗೆ ಇರುತ್ತಾರೆ. ಆರು ತಿಂಗಳ ಬ್ಯಾಂಕ್ ವಿವರ ತೆಗೆದುಕೊಂಡು ಬಾ.

ದೊಡ್ಡಪ್ಪ (ಭದ್ರಾವತಿ), 1.25
ಹೆಸರುವಾಸಿಯವರು ಬೇಡ ಎಂದಿರುವುದರಿಂದ ಸ್ವಲ್ಪ ಸಮಾಧಾನವಾಯಿತು. ಆ ಸಂದೇಶವನ್ನು ಇನ್ನೂ ಎರಡು ಗುಂಪಿಗೆ ಹಾಕಿದ್ದೆ, ತೆಗೆದಿದ್ದೇನೆ. ಜಾಮೀನಾದರೆ ಶ್ಯೂರಿಟಿಗೆ ನಾನು ಬರುತ್ತೇನೆ. ಜಮೀನಿನ ಪಹಣಿ ಯಾವ ವರ್ಷದ್ದು ಬೇಕು?

ಅತ್ತೆ (ಹಾಸನ), 1.27
ಈ ವರ್ಷದ್ದೇ ತೆಗೆಸು ಅಣ್ಣಾ. ಆಧಾರ್ ಕಾರ್ಡಿನ ಮೂಲ ಪ್ರತಿಯೂ ಎರಡು ಫೋಟೊಗಳೂ ಜೊತೆಗಿರಲಿ.