ಎನ್‌ಬಿಎ ಜ್ಯಾಮ್: ಮೆಗಾ ಡ್ರೈವ್ 2ರಲ್ಲಿ ಕಪ್ಪು ಪರದೆ, ಗೇಮ್ ಗೇರ್‌ನಲ್ಲಿ ಸದ್ದಿಲ್ಲ

ಮಂಜಿನಮಡಿಕೇರಿ:
ಟಿವಿಗೆ ಜೋಡಿಸೋ ಸೆಗಾ ಕನ್ಸೋಲ್ ಮೆಗಾ ಡ್ರೈವ್ 2ಕ್ಕೆ ಬಾಸ್ಕೆಟ್‌ಬಾಲ್ ಆಟ ಎನ್‌ಬಿಎ ಜ್ಯಾಮ್‌ನ ಕ್ಯಾಸೆಟ್ ಹಾಕಿದ್ರೆ ಹತ್ತರಲ್ಲಿ ಆರು ಸಲ ಬರೀ ಕಪ್ಪು ಪರದೆ. ಬಂದರೂ ಸಂಜೆ ಏಳರ ಮೇಲೆ ಆಟದ ಮಧ್ಯೆ ಚಿತ್ರ ಹರಿದು ನಿಂತುಬಿಡುತ್ತೆ, ಬೆಳಗ್ಗೆ ಹಾಗಾಗಲ್ಲ. ಅಡಾಪ್ಟರ್ ಹಳೇ ಭಾರದ ಟ್ರಾನ್ಸ್‌ಫಾರ್ಮರ್ ಥರದ್ದು. ಸೆಗಾದ್ದೇ ಕೈಯಲ್ಲಿ ಹಿಡಿದು ಆಡೋ ಗೇಮ್ ಗೇರ್‌ನಲ್ಲಿ ಇದೇ ಆಟ ಓಡುತ್ತೆ, ಆದರೆ ಸ್ಪೀಕರ್ ಸತ್ತಿದೆ, ಪರದೆ ಮಂಕು. ಕೊನೇ ಪ್ರಶ್ನೆ: ಹನ್ನೆರಡು ಪಾಯಿಂಟ್ ಮುಂದಿದ್ರೂ ನಾಲ್ಕನೇ ಕ್ವಾರ್ಟರ್‌ನಲ್ಲಿ ಕಂಪ್ಯೂಟರ್ ಬಂದು ಸಮ ಮಾಡುತ್ತಲ್ಲ, ಅದೇನು ಕಥೆ?

ಕುಶಾಲನಗರ16ಬಿಟ್:
ಮೆಗಾ ಡ್ರೈವ್‌ಗೆ ಎರಡು ಬೇರೆ ಬೇರೆ ಕಾಯಿಲೆ, ಒಂದೇ ಅಂತ ತಿಳ್ಕೋಬೇಡಿ. ಶುರುವಿನಲ್ಲೇ ಕಪ್ಪಾದ್ರೆ ಕ್ಯಾಸೆಟ್‌ನ ಕಾಂಟ್ಯಾಕ್ಟ್, ಅಂದರೆ ಕನ್ಸೋಲಿಗೆ ತಾಗೋ ಲೋಹದ ಹಲ್ಲುಗಳು. ಚೆನ್ನಾಗಿ ಓಡ್ತಾ ಇದ್ದು ಸಂಜೆ ಮಾತ್ರ ನಿಂತರೆ ಕರೆಂಟ್.

ಮೊದಲು ಕಾಂಟ್ಯಾಕ್ಟ್. 3.8 ಮಿಮೀ ಗೇಮ್‌ಬಿಟ್ ಅನ್ನೋ ವಿಶೇಷ ಸ್ಕ್ರೂಡ್ರೈವರ್‌ನಿಂದ ಕ್ಯಾಸೆಟ್ ಬಿಚ್ಚಿ. ಸಾದಾ ಸ್ಕ್ರೂ ಇದ್ದರೆ ಅದು ನಕಲಿ ಇರಬಹುದು. 99% ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಹಲ್ಲುಗಳ ಎರಡೂ ಬದಿ ಉದ್ದಕ್ಕೆ ಒರೆಸಿ, ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲೋವರೆಗೂ. ಮೆಡಿಕಲ್ ಸ್ಟೋರಿನ ಸ್ಪಿರಿಟ್ ಬೇಡ: ಕೆಲವದರಲ್ಲಿ ನೀರು ಜಾಸ್ತಿ, ಕೆಲವದರಲ್ಲಿ ಎಣ್ಣೆ ಅಂಶ ಸೇರಿಸಿರ್ತಾರೆ, ಒಣಗಿದ ಮೇಲೆ ಪದರ ಉಳಿಯುತ್ತೆ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೇಳಿ, ಅವರ ಹತ್ತಿರ ಇರುತ್ತೆ. ರಬ್ಬರಿನಿಂದ ಉಜ್ಜಿದ್ರೆ ಚಿನ್ನದ ಲೇಪ ಎದ್ದು ಹೋಗುತ್ತೆ, ಬಾಯಿಂದ ಊದಿದ್ರೆ ಉಸಿರಿನ ತೇವ ಸೇರಿ ಇನ್ನೂ ಕೆಡುತ್ತೆ. ಆಮೇಲೆ ಕನ್ಸೋಲಿನ ಪ್ಲಗ್ ಕಿತ್ತು, ಕ್ಯಾಸೆಟ್ ಹಲ್ಲಿಗೆ ಆಲ್ಕೋಹಾಲ್ ಸವರಿ ಸ್ಲಾಟ್‌ನಲ್ಲಿ ಹತ್ತು ಹದಿನೈದು ಸಲ ಹಾಕಿ ತೆಗೆಯಿರಿ. ಅರ್ಧ ಗಂಟೆ ಒಣಗಲಿ.

ಈಗ ಕರೆಂಟ್. ಒಳಗೆ ವೋಲ್ಟೇಜ್ ಸ್ಥಿರವಾಗಿಡೋ 7805 ರೆಗ್ಯುಲೇಟರ್ ಇದೆ, 5 ವೋಲ್ಟ್ ಕೊಡೋಕೆ ಅದಕ್ಕೆ ಸುಮಾರು 7 ವೋಲ್ಟ್ ಬೇಕೇ ಬೇಕು. ಮಳೆಗಾಲದ ಸಂಜೆ ಮನೆ ಕರೆಂಟ್ 230 ವೋಲ್ಟ್ ಇರಬೇಕಾದ್ದು 170ಕ್ಕೆ ಇಳಿದರೆ ಹಳೇ ಅಡಾಪ್ಟರ್‌ನ 10 ವೋಲ್ಟ್ ಕೂಡ ಅದೇ ಲೆಕ್ಕದಲ್ಲಿ 7.4ಕ್ಕೆ ಇಳಿಯುತ್ತೆ. ಅದರ ಏರಿಳಿತದ ತಳ 7ರ ಕೆಳಗೆ ಹೋದ ಕ್ಷಣ ಆಟ ನಿಲ್ಲುತ್ತೆ. ಸ್ಟೆಬಿಲೈಸರ್‌ಗೆ ದುಡ್ಡು ಹಾಕಬೇಡಿ, 100ರಿಂದ 240 ವೋಲ್ಟ್ ಇನ್‌ಪುಟ್ ಇರೋ ಎಸ್‌ಎಂಪಿಎಸ್ ಅಡಾಪ್ಟರ್ (ಮೊಬೈಲ್ ಚಾರ್ಜರ್ ಥರದ ಹಗುರದ್ದು) ಸಾಕು. ಮೆಗಾ ಡ್ರೈವ್ 2ಕ್ಕೆ 10 ವೋಲ್ಟ್, 0.85 ಆಂಪಿಯರ್, ನಡುವಿನ ಪಿನ್ ಪ್ಲಸ್. ಆಂಪಿಯರ್ ಜಾಸ್ತಿ ಇದ್ದರೆ ತೊಂದರೆಯಿಲ್ಲ. ಮೆಗಾ ಡ್ರೈವ್ 1ರದ್ದು 9 ವೋಲ್ಟ್, ನಡುವಿನ ಪಿನ್ ಮೈನಸ್. ಅದನ್ನು ಇದಕ್ಕೆ ಚುಚ್ಚಬೇಡಿ.

ಇಡೋದು ಗಾಳಿಯಾಡದ ಡಬ್ಬಿಯಲ್ಲಿ, ಜೊತೆಗೆ ಸಿಲಿಕಾ ಜೆಲ್. ನೀಲಿ ಕಾಳು ಗುಲಾಬಿಯಾದ್ರೆ ಹಳೇ ತಗಡಿನಲ್ಲಿ ಹಾಕಿ ಸಣ್ಣ ಉರಿಯಲ್ಲಿ ಒಣಗಿಸಿ, ಅಡುಗೆ ಪಾತ್ರೆ ಬೇಡ. ಜೂನ್ ಬಂತು ಅಂತ ಬಟ್ಟೆ ಒಣಗಿಸೋ ಒಲೆ ಮೇಲಿನ ಅಟ್ಟದಲ್ಲಿ ಕ್ಯಾಸೆಟ್ ಇಟ್ಟವರಿಗೆ ಮಸಿ ಬಿಡಿಸೋದೇ ಕೆಲಸ.

ಬೆಸುಗೆಬೆರಳು:
ಗೇಮ್ ಗೇರ್‌ದು ಕೆಪಾಸಿಟರ್ (ವಿದ್ಯುತ್ ಹಿಡಿದಿಡೋ ಚಿಕ್ಕ ಬಿಡಿಭಾಗ) ಸಮಸ್ಯೆ. ಇದು ಆ ಯಂತ್ರದ ಹುಟ್ಟುಗುಣ, ಕೊಡಗಿನ ಮಳೆ ಮೇಲೆ ತಪ್ಪು ಹೊರಿಸಬೇಡಿ. ಬೋರ್ಡಿಗೆ ಅಂಟಿಸಿದ ಚಿಕ್ಕ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಸೋರಿ, ಒಳಗಿನ ದ್ರವ ತಾಮ್ರದ ಗೆರೆಗಳನ್ನು ತಿನ್ನುತ್ತೆ. ಒಳಗೆ ಮೂರು ಬೋರ್ಡ್: ಮುಖ್ಯ, ಸೌಂಡ್, ಪವರ್. ಸದ್ದು ಹೋದದ್ದು ಸೌಂಡ್ ಬೋರ್ಡಿಂದ, ಪರದೆ ಮಂಕಾದದ್ದು ಮುಖ್ಯ ಬೋರ್ಡಿಂದ. ಬಿಚ್ಚಿದ ಮೇಲೆ ಮೂರನ್ನೂ ಮಾಡಿಸಿ. ಬೋರ್ಡ್ ರಿವಿಷನ್ ಬೇರೆಯಾದ್ರೆ ಕೆಪಾಸಿಟರ್‌ಗಳ ಅಳತೆಗಳೂ ಬೇರೆ, ಹಾಗಾಗಿ ಕೆಪಾಸಿಟರ್ ಕಿಟ್ ತರಿಸುವ ಮೊದಲು ಬೋರ್ಡ್ ಮೇಲೆ ರಿವಿಷನ್ ತೋರಿಸೋ ವಿಎ ಸಂಖ್ಯೆ ನೋಡಿ.

ಹಳೇದನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸಬೇಡಿ, ಬೋರ್ಡಿನ ತಾಮ್ರದ ಪ್ಯಾಡ್ ಸಮೇತ ಕಿತ್ತು ಬರುತ್ತೆ. ಎರಡು ಬೆಸುಗೆ ಐರನ್ ಅಥವಾ ಬಿಸಿಗಾಳಿ ಬಳಸಿ. ಮೀನಿನ ವಾಸನೆ ಬಂದರೆ ಅದು ಸೋರಿದ ದ್ರವ, ಚೆನ್ನಾಗಿ ತೊಳೆದ ಮೇಲೇ ಹೊಸದು ಹಾಕಿ. ಹಿಂಬೆಳಕು ಫ್ಲೋರೊಸೆಂಟ್ ಟ್ಯೂಬ್, ಅದಕ್ಕೆ ಹೋಗೋ ವೋಲ್ಟೇಜ್ ಜಾಸ್ತಿ, ಆನ್ ಮಾಡಿ ಒಳಗೆ ಕೈ ಹಾಕಬೇಡಿ. ಸೆಲ್ ಆರು ಬೇಕು, ಎಎ. ಕಡಿಮೆ ಬೆಲೆಯ ಜಿಂಕ್ ಕಾರ್ಬನ್ ಸೆಲ್ ಬೇಗ ಕುಸಿಯುತ್ತೆ, ಚಾರ್ಜ್ ಮಾಡೋ ನಿಕ್ಕಲ್ ಸೆಲ್ ಹಾಕಿ.

ಟರ್ಬೊಪೊನ್ನಂಪೇಟೆ:
ಕಂಪ್ಯೂಟರ್ ಸಮ ಮಾಡೋದು ಬೇಕಂತಲೇ ಇಟ್ಟದ್ದು, ಹಿಂದಿರುವ ತಂಡಕ್ಕೆ ಸಹಾಯ. ಇದೇ ಆಟದ ಮುಂದಿನ ಆವೃತ್ತಿ ಟೂರ್ನಮೆಂಟ್ ಎಡಿಷನ್‌ನಲ್ಲಿ ಆಪ್ಷನ್ಸ್‌ಗೆ ಹೋಗಿ ಕಂಪ್ಯೂಟರ್ ಅಸಿಸ್ಟೆನ್ಸ್ ಆಫ್ ಮಾಡಿ. ಈ ಆಟದ ಮೂಲ ಆರ್ಕೇಡ್ ಆವೃತ್ತಿ ಮಾಡಿದ ಮಾರ್ಕ್ ಟರ್ಮೆಲ್ ಡೆಟ್ರಾಯಿಟ್ ಪಿಸ್ಟನ್ಸ್ ಅಭಿಮಾನಿ. ಪಿಸ್ಟನ್ಸ್ ಎದುರು ಚಿಕಾಗೊ ಬುಲ್ಸ್‌ನ ಕೊನೇ ಕ್ಷಣದ ಹೊಡೆತಗಳು ತಪ್ಪುವ ಹಾಗೆ ಬರೆದಿದ್ದೆ ಅಂತ ಅವರೇ ಹೇಳಿದ್ದಾರೆ!

ಫೌಲ್ ಇಲ್ಲ, ಹಾಗಾಗಿ ಟರ್ಬೊ (ವೇಗದ ಬಟನ್) ಹಿಡಿದು ಕದಿಯೋ ಬಟನ್ ಒತ್ತಿ ತಳ್ಳಿ. ಆದರೆ ಬುಟ್ಟಿ ಕಡೆ ಇಳಿಯುತ್ತಿರುವ ಚೆಂಡು ಮುಟ್ಟಿದ್ರೆ ಗೋಲ್‌ಟೆಂಡಿಂಗ್, ಎದುರಾಳಿಗೆ ಪಾಯಿಂಟ್. ಒಬ್ಬನೇ ಆಟಗಾರ ಸಾಲಾಗಿ ಮೂರು ಬುಟ್ಟಿ ಹಾಕಿದ್ರೆ ಬೆಂಕಿ ಹತ್ತುತ್ತೆ: ಟರ್ಬೊ ಮುಗಿಯಲ್ಲ, ಗೋಲ್‌ಟೆಂಡಿಂಗ್ ಲೆಕ್ಕಕ್ಕಿಲ್ಲ. ಎದುರಾಳಿ ಬುಟ್ಟಿ ಹಾಕಿದ್ರೆ ಆರುತ್ತೆ. ಎರಡು ಹಾಕಿದವನಿಗೇ ಚೆಂಡು ಕೊಡಿ, ಜೊತೆಗಾರನ ಮೇಲೆ ಕನಿಕರ ಬೇಡ. ಹಾರಿದ ಎತ್ತರದ ತುದಿಯಲ್ಲಿ ಬಟನ್ ಬಿಟ್ಟರೆ ಗುರಿ ಸೇರುತ್ತೆ.

ಮಂಜಿನಮಡಿಕೇರಿ:
ಕಾಂಟ್ಯಾಕ್ಟ್ ಒರೆಸಿದೆ, ಹತ್ತಕ್ಕೆ ಹತ್ತೂ ಬಂತು. ಅಡಾಪ್ಟರ್ ಇನ್ನೂ ತರಬೇಕು. ಇನಿಷಿಯಲ್ ಹಾಕಿ ಆಡಿದ ದಾಖಲೆ ಉಳಿಯೋಕೆ ಕ್ಯಾಸೆಟ್ ಒಳಗಿನ ಬ್ಯಾಟರಿ ಬದಲಾಯಿಸಬೇಕಾ?

ಕುಶಾಲನಗರ16ಬಿಟ್:
ಮೆಗಾ ಡ್ರೈವ್ ಎನ್‌ಬಿಎ ಜ್ಯಾಮ್‌ನಲ್ಲಿ ಬ್ಯಾಟರಿ ಇಲ್ಲ. ದಾಖಲೆ ಬರೆಯೋದು ಕರೆಂಟ್ ಇಲ್ಲದಿದ್ರೂ ನೆನಪಿಟ್ಟುಕೊಳ್ಳೋ ಇಇಪ್ರಾಮ್ ಚಿಪ್‌ನಲ್ಲಿ, ಎಂಟು ಕಾಲಿನದು, 256 ಬೈಟ್. ಕ್ಯಾಸೆಟ್ ಬಿಚ್ಚಿದಾಗ ಆ ಚಿಪ್ ಕಾಣದಿದ್ರೆ ನಿಮ್ಮದು ನಕಲಿ. ಆಡೋಕೆ ಬರುತ್ತೆ, ಆದರೆ 27 ತಂಡ ಸೋಲಿಸಿದ ಲೆಕ್ಕ ಉಳಿಯಲ್ಲ.